ದಿನಬಳಕೆಗೆ ಯಾವ ಬಟ್ಟೆ: ಹತ್ತಿಯೇ, ರೇಯಾನೇ, ಪಾಲಿಯೆಸ್ಟರೇ?

ಹತ್ತಿ ಬಟ್ಟೆ ಮೈಗೆ ಹಿತವೆಂಬ ಮಾತನ್ನು ಅಲ್ಲಗಳೆಯುವವರನ್ನು ನಾನು ಕಂಡಿಲ್ಲ. ಆದರೂ ನಮ್ಮ ಕಪಾಟುಗಳನ್ನು ತೆರೆದು ನೋಡಿದರೆ ಅಲ್ಲಿ ತುಂಬಿರುವುದು ಬಹುಮಟ್ಟಿಗೆ ಪಾಲಿಯೆಸ್ಟರೇ. ಕೊಳ್ಳುವವರ ತಿಳಿಗೇಡಿತನವೇ ಇದಕ್ಕೆ ಕಾರಣವೆಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಬೆಲೆ, ಇಸ್ತ್ರಿಯ ಖರ್ಚು, ಒಣಗಲು ಹಿಡಿಯುವ ಸಮಯ, ಬಣ್ಣ ಬಿಟ್ಟೀತೆಂಬ ಭಯ, ಇವನ್ನೆಲ್ಲ ಮನಸ್ಸಿನಲ್ಲೇ ಕೂಡಿ ಕಳೆದು ಜನರು ಬಟ್ಟೆ ಆರಿಸುತ್ತಾರೆ. ಆ ಲೆಕ್ಕದಲ್ಲಿ ಯಾವ ಅಂಶ ಬಿಟ್ಟುಹೋಗಿದೆ, ಯಾವುದಕ್ಕೆ ಅಗತ್ಯಕ್ಕಿಂತ ಹೆಚ್ಚು ತೂಕ ಬಿದ್ದಿದೆ ಎಂಬುದನ್ನು ಮಾತ್ರ ಇಲ್ಲಿ ನೋಡೋಣ.

ಓದುಗರು ಕೇಳಿದ ಮೂರು ಪ್ರಶ್ನೆಗಳು ಈ ಬರಹಕ್ಕೆ ಪ್ರೇರಣೆ. ಮಂಗಳೂರಿನ ತಾಯಿಯೊಬ್ಬರಿಗೆ ಮಗನ ಸಮವಸ್ತ್ರದ ಚಿಂತೆ. ಶಾಲೆಯಿಂದ ಬಂದಾಗಲೆಲ್ಲ ಹುಡುಗನ ಬೆನ್ನು, ಕುತ್ತಿಗೆಯ ತುಂಬ ಬೆವರುಸಾಲೆ ಎದ್ದಿರುತ್ತದೆ. ಕಲಬುರಗಿಯಲ್ಲಿ ಕಟ್ಟಡ ಕಾಮಗಾರಿಯ ಉಸ್ತುವಾರಿ ನೋಡಿಕೊಳ್ಳುವವರೊಬ್ಬರು, ದಿನವಿಡೀ ಬಿಸಿಲಲ್ಲಿ ನಿಲ್ಲುವ ತಾವು ಲಿನಿನ್ ಅಂಗಿಗೆ ಅಷ್ಟು ಹಣ ಕೊಡುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದಾರೆ. ಮೂರನೆಯವರು ತೀರ್ಥಹಳ್ಳಿ ಕಡೆಯ ಗೃಹಿಣಿ. ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹತ್ತಿ ಬಟ್ಟೆ ಒಣಗುವುದೇ ಇಲ್ಲ, ನಿಮ್ಮ ಹತ್ತಿಯ ಗುಣಗಾನವನ್ನು ಬಯಲುಸೀಮೆಯವರಿಗೆ ಹೇಳಿ’ ಎಂಬುದು ಅವರ ತಕರಾರು.

ಮೂವರಿಗೂ ಸಲ್ಲುವ ಒಂದೇ ನಾರಿನ ಹೆಸರು ಹೇಳಲು ಬರುವುದಿಲ್ಲ. ಆದರೆ ಆರಿಸುವ ಕ್ರಮ ಒಂದಿದೆ. ಯಾವ ಬಟ್ಟೆ ಚರ್ಮಕ್ಕೆ ತಾಗಿಕೊಂಡು ಹೆಚ್ಚು ಹೊತ್ತು ಇರುತ್ತದೆಯೋ ಅದಕ್ಕೆ ಮೊದಲು ಹಣ ಹಾಕಬೇಕು; ಮೈಯಿಂದ ದೂರ ಇರುವ, ಮಳೆ ಮತ್ತು ಒರಟು ಕೆಲಸವನ್ನು ಎದುರಿಸುವ ಬಟ್ಟೆ ಕೃತಕ ನಾರಿನದಾದರೆ ಅದನ್ನು ಬದಲಿಸಲು ಅವಸರಪಡಬೇಕಾಗಿಲ್ಲ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಹಬ್ಬಕ್ಕೆಂದು ಅಪ್ಪಟ ರೇಷ್ಮೆಯನ್ನೋ ದುಬಾರಿ ಲಿನಿನ್ನನ್ನೋ ಕೊಂಡು, ದಿನಕ್ಕೆ ಎಂಟು ತಾಸು ಮಲಗುವ ನೈಟಿ, ಪೈಜಾಮಗಳನ್ನು ಮಾತ್ರ ಕೈಗೆ ಸಿಕ್ಕ ಅಗ್ಗದ ಪಾಲಿಯೆಸ್ಟರಿನಲ್ಲಿ ಮುಗಿಸಿಬಿಡುತ್ತಾರೆ.

ಯಾವುದರಿಂದ ಅಳೆಯಬೇಕು

ಮೊದಲ ಅಳತೆ ತೇವ. 65 ಪ್ರತಿಶತ ಆರ್ದ್ರತೆಯಿರುವ ಸಾಧಾರಣ ಗಾಳಿಯಲ್ಲಿ ಪೂರ್ತಿ ಒಣಗಿದ 100 ಗ್ರಾಂ ಹತ್ತಿಯನ್ನು ಇಟ್ಟರೆ ಅದು ಗಾಳಿಯಿಂದಲೇ ಸುಮಾರು 8 ಗ್ರಾಂ ತೇವವನ್ನು ಎಳೆದುಕೊಳ್ಳುತ್ತದೆ. ರೇಷ್ಮೆ 11 ಗ್ರಾಂ, ಲಿನಿನ್ 12 ಗ್ರಾಂ, ಉಣ್ಣೆ 16 ಗ್ರಾಂನ ಆಸುಪಾಸು. ಪಾಲಿಯೆಸ್ಟರ್ ಎಳೆದುಕೊಳ್ಳುವುದು ಅರ್ಧ ಗ್ರಾಂ ಕೂಡ ಅಲ್ಲ. ಬೆವರು ಹನಿಯಾಗುವ ಮೊದಲು ಆವಿಯಾಗಿರುತ್ತದೆ. ಆ ಹಂತದಲ್ಲೇ ಅದನ್ನು ಹೀರಿ ಹೊರಗಿನ ಗಾಳಿಗೆ ಬಿಡುವ ಬಟ್ಟೆ ತೊಟ್ಟವರಿಗೆ ಹಿತವೆನಿಸುತ್ತದೆ, ಹೀರದ ಬಟ್ಟೆಯ ಒಳಗೆ ಅದೇ ಆವಿ ನಿಂತು ಮೈ ಬೇಯತೊಡಗುತ್ತದೆ. ‘ಉಸಿರಾಡುವ ಬಟ್ಟೆ’ ಎಂದು ಜಾಹೀರಾತುಗಳು ಹೇಳುವುದರ ಹಿಂದಿರುವುದು ಇಷ್ಟೇ.

ಆದರೆ ನಾರೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ನೇಯ್ಗೆ ಎಷ್ಟು ಒತ್ತಾಗಿದೆ, ಹೊಲಿಗೆ ಎಷ್ಟು ಸಡಿಲವಾಗಿದೆ ಎಂಬುದೂ ಅಷ್ಟೇ ಮುಖ್ಯ. ಅಪ್ಪಟ ಹತ್ತಿಯ ದಪ್ಪ ಜೀನ್ಸ್ ಪ್ಯಾಂಟು ತೊಟ್ಟು ಏಪ್ರಿಲ್‌ನಲ್ಲಿ ಉಡುಪಿಯ ಬಸ್ಸಿನಲ್ಲಿ ಕುಳಿತವರಿಗಿಂತ ತೆಳುವಾದ ಮಿಶ್ರ ನೂಲಿನ ಸಡಿಲ ಪೈಜಾಮ ತೊಟ್ಟವರು ಸುಖವಾಗಿರುತ್ತಾರೆ. ಆದ್ದರಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಎಳೆಗಳ ನಡುವಿನ ಸಂದು ನೋಡುವುದು, ಬಾಯಿಗೆ ಹಿಡಿದು ಊದಿ ಗಾಳಿ ದಾಟುತ್ತದೆಯೇ ಎಂದು ಪರೀಕ್ಷಿಸುವುದು ಹಳಬರ ಕಾಲಕ್ಕೆ ಮುಗಿದುಹೋಗಬೇಕಾದ ಅಭ್ಯಾಸಗಳಲ್ಲ.

ಎರಡನೆಯ ಅಳತೆ ಒಗೆತ ಮತ್ತು ಒಣಗುವಿಕೆ, ಮೂರನೆಯದು ಬಾಳಿಕೆ, ನಾಲ್ಕನೆಯದು ಒಂದು ಸಲ ತೊಡಲು ತಗಲುವ ಖರ್ಚು. ಒಲೆ, ದೀಪ, ಪಟಾಕಿಗಳ ಹತ್ತಿರ ಬಟ್ಟೆ ಹೇಗೆ ವರ್ತಿಸುತ್ತದೆ ಎಂಬುದು ಐದನೆಯದು. ಹರಿದ ಮೇಲೆ ಆ ಬಟ್ಟೆ ಏನಾಗುತ್ತದೆ ಎಂಬುದನ್ನು ನಮ್ಮ ಅಜ್ಜಿಯರು ಕೊಳ್ಳುವಾಗಲೇ ಯೋಚಿಸುತ್ತಿದ್ದರು. ಅದನ್ನೂ ಸೇರಿಸಿದರೆ ಪಟ್ಟಿ ಪೂರ್ತಿಯಾಗುತ್ತದೆ.

ಹತ್ತಿ: ಹೆಸರು ಒಂದು, ಬಟ್ಟೆ ನೂರು

ಹತ್ತಿಯ ದೊಡ್ಡ ಗುಣವೊಂದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ನೆನೆದಾಗ ಅದರ ನಾರು ಇನ್ನಷ್ಟು ಗಟ್ಟಿಯಾಗುತ್ತದೆ. ಒಗೆಯುವ ಕಲ್ಲಿನ ಮೇಲೆ ಬಡಿದರೂ, ಬಿಸಿನೀರಿನಲ್ಲಿ ಕುದಿಸಿದರೂ ಹತ್ತಿ ತಡೆದುಕೊಳ್ಳುವುದು ಇದರಿಂದಲೇ. ಹಸುಗೂಸಿನ ಬಟ್ಟೆ, ಒಳ ಉಡುಪು, ಟವೆಲು, ಕಾಯಿಲೆಯವರ ಹಾಸು ಮುಂತಾದ, ಬಿಸಿನೀರಿನಲ್ಲಿ ಒಗೆಯಲೇಬೇಕಾದ ಬಟ್ಟೆಗಳಿಗೆ ಹತ್ತಿಗಿಂತ ಒಳ್ಳೆಯ ಆಯ್ಕೆ ನನಗೆ ಗೊತ್ತಿಲ್ಲ. ಹುಳುಕಡ್ಡಿ ಪದೇಪದೇ ಮರುಕಳಿಸುವವರಿಗೆ ಸಡಿಲವಾದ ಹತ್ತಿ ಬಟ್ಟೆ ತೊಡಲು, ಅದನ್ನು ಬಿಸಿನೀರಿನಲ್ಲಿ ಒಗೆಯಲು ಚರ್ಮವೈದ್ಯರು ಹೇಳುವುದೂ ಇದೇ ಕಾರಣಕ್ಕೆ.

ದೋಷಗಳೂ ಕಡಿಮೆಯಿಲ್ಲ. ಮೊದಲ ಒಗೆತದಲ್ಲಿ ಕುಗ್ಗುತ್ತದೆ, ಸುಕ್ಕಾಗುತ್ತದೆ, ಗಾಢ ಬಣ್ಣಗಳು ಮಾಸುತ್ತವೆ, ಕಾಲರಿನ ಮಡಿಕೆ ಸವೆದು ಬಿಳಿಯಾಗುತ್ತದೆ. ‘ಸುಕ್ಕಾಗದ ಹತ್ತಿ’ ಎಂದು ಮಾರುವ ಅಂಗಿಗಳಿಗೆ ಸಾಮಾನ್ಯವಾಗಿ ರಾಳದ ಲೇಪನ ಕೊಟ್ಟಿರುತ್ತಾರೆ. ಅದು ಇಸ್ತ್ರಿಯನ್ನು ಉಳಿಸುತ್ತದೆ, ಆದರೆ ನಾರಿನ ಬಲವನ್ನು ತಗ್ಗಿಸುತ್ತದೆ ಮತ್ತು ಹತ್ತಿಯ ಮೆದುತನವನ್ನೂ ಒಂದಿಷ್ಟು ಕಸಿದುಕೊಳ್ಳುತ್ತದೆ.

ಹತ್ತಿಯೊಳಗೇ ಆರಿಸುವಾಗ ನೂಲಿನ ನಂಬರು ನೆರವಾಗುತ್ತದೆ. ಒಂದು ಪೌಂಡ್ ತೂಕದಲ್ಲಿ 840 ಗಜ ಉದ್ದದ ಎಷ್ಟು ಲಡಿಗಳು ಬರುತ್ತವೆಯೋ ಅದೇ ಆ ನೂಲಿನ ನಂಬರು. ಹೀಗಾಗಿ ನಂಬರು ಏರಿದಂತೆ ನೂಲು ತೆಳುವಾಗುತ್ತದೆ. 20ರ ನೂಲಿನ ಬಟ್ಟೆ ಪ್ಯಾಂಟಿಗೆ, ಚೀಲಕ್ಕೆ ಸರಿ. 40ರ ನೂಲು ದಿನದ ಅಂಗಿಗೆ, ಕುರ್ತಾಗೆ ಗಟ್ಟಿಮುಟ್ಟು. 80, 100 ದಾಟಿದರೆ ನಯವಾದ ಪಂಚೆ, ಮಲ್ಮಲ್ ಸೀರೆ ಮತ್ತು ದುಬಾರಿ ಅಂಗಿ. ತೆಳು ನೂಲು ತೆಗೆಯಲು ಉದ್ದ ಎಳೆಯ ಅರಳೆ ಬೇಕು. ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ಹೊರಬಂದ ವರಲಕ್ಷ್ಮಿ, ಆಮೇಲಿನ ಡಿ.ಸಿ.ಎಚ್.-32 ತಳಿಗಳಿಗೆ ಹೆಸರು ಬಂದದ್ದು ಅಂಥ ಉದ್ದ ಎಳೆಗಾಗಿ. ಅಗ್ಗದ ಟೀ-ಶರ್ಟಿನ ಮೇಲೆ ನಾಲ್ಕು ಒಗೆತಕ್ಕೇ ಗುಂಜು ಏಳುತ್ತದಲ್ಲ, ಅದರ ನೂಲು ಹೆಚ್ಚಾಗಿ ಗಿಡ್ಡ ಎಳೆಯದು. ಎರಡೂ ಹತ್ತಿಯೇ, ಎರಡರ ಚೀಟಿಯ ಮೇಲೂ 100 ಪ್ರತಿಶತ ಎಂದೇ ಇರುತ್ತದೆ.

ಗಿರಣಿ ಬಟ್ಟೆ, ಕೈಮಗ್ಗ, ಖಾದಿ ಇವುಗಳ ವ್ಯತ್ಯಾಸವನ್ನೂ ಹೇಳಿಬಿಡಬೇಕು. ಕೈಮಗ್ಗದ ಬಟ್ಟೆಯಲ್ಲಿ ನೇಯ್ಗೆ ಮಾತ್ರ ಕೈಯದು, ನೂಲು ಬಹುತೇಕ ಗಿರಣಿಯದು. ಖಾದಿಯಲ್ಲಿ ನೂಲುವುದೂ ಕೈಯಿಂದಲೇ. ಎಳೆ ತುಸು ಏರುಪೇರಾಗಿರುವುದರಿಂದ ಬಟ್ಟೆ ಮೈಗೆ ಅಂಟಿಕೊಳ್ಳುವುದಿಲ್ಲ, ಒಗೆದಷ್ಟೂ ಮೆದುವಾಗುತ್ತದೆ. ಕಿನ್ನಿಗೋಳಿಯ ನೇಕಾರರ ಸಹಕಾರ ಸಂಘದ ಉಡುಪಿ ಸೀರೆಗಳು ಕರಾವಳಿಯ ಸೆಕೆಗೆಂದೇ ಹುಟ್ಟಿದಂತಿವೆ. ಸಾಗರದ ಬಳಿಯ ಹೆಗ್ಗೋಡಿನ ಚರಕ ಸಂಸ್ಥೆಯ ಮಹಿಳೆಯರು ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಂಥ ಸಸ್ಯಮೂಲದ ಬಣ್ಣಗಳನ್ನು ಬಳಸಿ ಕೈಮಗ್ಗದ ಬಟ್ಟೆ ಸಿದ್ಧಪಡಿಸುತ್ತಾರೆ. ಗಿರಣಿ ಬಟ್ಟೆಗಿಂತ ಇವುಗಳ ಬೆಲೆ ಹೆಚ್ಚೇ. ಆ ಹೆಚ್ಚಿನ ಹಣ ಮೈಯ ಹಿತಕ್ಕಿಂತ ನೂಲುವ, ನೇಯುವ ಕೈಗಳಿಗೆ ಹೋಗುತ್ತದೆ ಎಂದು ತಿಳಿದೇ ಕೊಡಬೇಕು. ಬರೀ ತಂಪಿಗಾಗಿ ಕೊಳ್ಳುವವರಿಗೆ ಗಿರಣಿಯ ಒಳ್ಳೆಯ ಪಾಪ್ಲಿನ್ ಸಾಕು. ಇನ್ನೊಂದು ಎಚ್ಚರಿಕೆ: ಖಾದಿ ಭಂಡಾರದಲ್ಲಿ ಸಿಗುವುದೆಲ್ಲ ಹತ್ತಿಯಲ್ಲ. ಅಲ್ಲಿ ‘ಪಾಲಿವಸ್ತ್ರ’ ಎಂಬ ಹೆಸರಿನಲ್ಲಿ ಪಾಲಿಯೆಸ್ಟರ್ ಸೇರಿದ ಖಾದಿಯೂ ಮಾರಾಟಕ್ಕಿರುತ್ತದೆ. ಖಾದಿ ಕೊಳ್ಳುವವರು ಗಾಂಧಿ ಜಯಂತಿಯ ಆಸುಪಾಸಿನ ರಿಯಾಯಿತಿಗೆ ಕಾಯುವುದೂ, ಕುಗ್ಗುವುದಕ್ಕೆ ಎಡೆಯಿಟ್ಟು ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸಿದ ಮೇಲೆಯೇ ಹೊಲಿಸುವುದೂ ಜಾಣತನ.

ಹತ್ತಿ ಪರಿಸರಕ್ಕೆ ನಿರುಪದ್ರವಿ ಎಂಬ ಮಾತನ್ನೂ ಪೂರ್ತಿ ಒಪ್ಪುವಂತಿಲ್ಲ. ಜಾಗತಿಕ ಸರಾಸರಿಯಲ್ಲಿ ಒಂದು ಕಿಲೋ ಹತ್ತಿ ಬಟ್ಟೆಗೆ ಸುಮಾರು 10,000 ಲೀಟರ್ ನೀರು ಬೇಕೆಂಬ ಲೆಕ್ಕವಿದೆ. ಆದರೆ ಇದರಲ್ಲಿ ಮಳೆನೀರೂ ಸೇರಿದೆ. ಧಾರವಾಡ, ಹಾವೇರಿಯ ಎರೆಭೂಮಿಯಲ್ಲಿ ಮಳೆಯನ್ನೇ ನೆಚ್ಚಿ ಬೆಳೆದ ಹತ್ತಿಯನ್ನೂ ಕಾಲುವೆ ನೀರುಂಡ ಹತ್ತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕೀಟನಾಶಕದ ಹೊರೆ ಮಾತ್ರ ನಿಜವಾದ ಸಮಸ್ಯೆ.

ರೇಯಾನ್: ಎರಡು ದೋಣಿಯಲ್ಲಿ ಕಾಲಿಟ್ಟದ್ದು

ಈಗ ಕುರ್ತಾ, ನೈಟಿ, ಪಲಾಜೊ ಪ್ಯಾಂಟುಗಳ ಅಂಗಡಿಗೆ ಹೋದರೆ ಅತಿ ಹೆಚ್ಚು ಕಾಣುವುದು ರೇಯಾನ್, ಅಂದರೆ ವಿಸ್ಕೋಸ್. ಮುಟ್ಟಿದರೆ ತಣ್ಣಗೆ, ಮೆತ್ತಗೆ. ಜೋಲು ಚೆನ್ನಾಗಿ ಬೀಳುತ್ತದೆ. ಬೆಲೆ ಹತ್ತಿಗಿಂತ ಕಡಿಮೆ. ಇದು ಪೆಟ್ರೋಲಿಯಂನಿಂದ ಬಂದದ್ದಲ್ಲ, ಮರದ ತಿರುಳಿನದು. ಹಾಗೆಂದು ಗಿಡದಿಂದ ಬಿಡಿಸಿ ನೂತದ್ದೂ ಅಲ್ಲ. ತಿರುಳನ್ನು ಕಾಸ್ಟಿಕ್ ಸೋಡಾ ಮತ್ತು ಕಾರ್ಬನ್ ಡೈಸಲ್ಫೈಡ್‌ನಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಮೂಲಕ ಆಮ್ಲಕ್ಕೆ ಚಿಮ್ಮಿಸಿ ಮತ್ತೆ ಎಳೆಯಾಗಿಸುತ್ತಾರೆ. ತೇವ ಹೀರುವುದರಲ್ಲಿ ಅದು ಹತ್ತಿಯನ್ನೂ ಮೀರಿಸುತ್ತದೆ; ಕರಾವಳಿಯ ಸೆಕೆಯಲ್ಲಿ ರೇಯಾನ್ ನೈಟಿ ಹಿತವೆನಿಸುವುದು ಭ್ರಮೆಯಲ್ಲ.

ಎಡವಟ್ಟಿರುವುದು ಒಗೆತದಲ್ಲಿ. ಹತ್ತಿ ನೆನೆದಾಗ ಗಟ್ಟಿಯಾದರೆ ರೇಯಾನ್ ನೆನೆದಾಗ ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಹಿಂಡಿ ತಿರುಚಿದರೆ, ಕಲ್ಲಿಗೆ ಬಡಿದರೆ ಹೊಲಿಗೆಯ ಅಂಚಿನಲ್ಲಿ ಜಾರಿ ಹರಿಯುತ್ತದೆ, ಕುಗ್ಗುತ್ತದೆ, ಇಲ್ಲವೇ ಜೋತುಬೀಳುತ್ತದೆ. ಕೈಯಲ್ಲಿ ಮೆಲ್ಲಗೆ ಒಗೆದು, ಹಿಂಡದೆ ನೆರಳಿನಲ್ಲಿ ಹರಡುವಷ್ಟು ಬಿಡುವಿರುವವರಿಗೆ ರೇಯಾನ್ ಒಳ್ಳೆಯ ಆಯ್ಕೆ. ಮನೆಯವರೆಲ್ಲರ ಬಟ್ಟೆಯನ್ನು ಒಟ್ಟಿಗೆ ಯಂತ್ರಕ್ಕೆ ತುಂಬುವವರಿಗೆ, ಹಾಸ್ಟೆಲಿನ ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಹಾಕುವವರಿಗೆ ಅಲ್ಲ. ‘ಬಿದಿರಿನ ಬಟ್ಟೆ’ ಎಂದು ಮಾರುವುದು ಕೂಡ ಹೆಚ್ಚಿನ ಸಂದರ್ಭಗಳಲ್ಲಿ ಬಿದಿರಿನ ತಿರುಳಿನಿಂದ ತೆಗೆದ ವಿಸ್ಕೋಸೇ. ಅದಕ್ಕೆಂದು ದುಪ್ಪಟ್ಟು ಹಣ ಕೊಡಬೇಕಾಗಿಲ್ಲ.

ಮರದಿಂದ ಬಂದದ್ದೆಂಬ ಮಾತ್ರಕ್ಕೆ ಅದನ್ನು ಹಸಿರು ಬಟ್ಟೆ ಎನ್ನುವವರು ನಮ್ಮ ತುಂಗಭದ್ರಾ ತೀರದ ಕಥೆಯನ್ನು ನೆನಪಿಸಿಕೊಳ್ಳಬೇಕು. ಹರಿಹರದ ಬಳಿಯ ಕುಮಾರಪಟ್ಟಣದಲ್ಲಿ ರೇಯಾನಿಗೆ ಬೇಕಾದ ಮರದ ತಿರುಳು ತಯಾರಾಗುತ್ತಿತ್ತು. ಅದಕ್ಕೆ ನೀಲಗಿರಿ ಒದಗಿಸಲು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿ, ಹಳ್ಳಿಗಳ ಗೋಮಾಳಗಳು ನೀಲಗಿರಿ ತೋಪುಗಳಾಗತೊಡಗಿದಾಗ, 1987ರ ನವೆಂಬರ್ 14ರಂದು ಹಾವೇರಿಯ ಬಳಿಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹ ಮುಂದೆ ಹಬ್ಬಿತು, 1991ರಲ್ಲಿ ಆ ಕಂಪನಿಯೇ ಮುಚ್ಚಿತು. ರೇಯಾನ್ ಕುರ್ತಾ ಕೊಳ್ಳಬೇಡಿ ಎನ್ನಲು ನಾನಿದನ್ನು ಹೇಳುತ್ತಿಲ್ಲ. ಅದರ ಚೀಟಿಯ ಮೇಲೆ ಹಸಿರು ಎಲೆಯ ಚಿತ್ರ ಕಂಡು ಮರುಳಾಗಬೇಡಿ ಎನ್ನಲು ಹೇಳಿದೆ. ಅದೇ ಮರದ ತಿರುಳಿನಿಂದ ಬಂದರೂ ದ್ರಾವಕವನ್ನು ಮರಳಿ ಬಳಸುವ ಲಯೋಸೆಲ್ ಎಂಬ ಬಗೆ ಇದಕ್ಕಿಂತ ಮೇಲು, ನೆನೆದಾಗಲೂ ಅದರ ಬಲ ಅಷ್ಟು ಕುಂದುವುದಿಲ್ಲ, ಬೆಲೆ ಮಾತ್ರ ಏರು.

ಪಾಲಿಯೆಸ್ಟರ್ ಮತ್ತು ಮಿಶ್ರ ನೂಲು

1941ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಈ ನಾರು ಟೆರಿಲೀನ್, ಟೆರಿಕಾಟ್ ಎಂಬ ಹೆಸರುಗಳಲ್ಲಿ ನಮ್ಮ ಊರುಗಳನ್ನು ಹೊಕ್ಕಾಗ ಅದು ಸಿರಿವಂತಿಕೆಯ ಗುರುತಾಗಿತ್ತು. ಟೆರಿಕಾಟ್ ಪ್ಯಾಂಟು ಮದುವೆ ಗಂಡಿನ ಉಡುಗೊರೆಯಾಗಿತ್ತು. ಅದನ್ನು ಮೆಚ್ಚಲು ಕಾರಣಗಳಿದ್ದವು, ಈಗಲೂ ಇವೆ. ಬೇಗ ಒಣಗುತ್ತದೆ, ಗೆರೆ ಮುರಿಯುವುದಿಲ್ಲ, ಬಣ್ಣ ಕಚ್ಚಿಕೊಂಡಿರುತ್ತದೆ, ನುಸಿ ಹಿಡಿಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ.

ಖರ್ಚಿನ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿ ನೋಡೋಣ. 1,200 ರೂಪಾಯಿಯ ಹತ್ತಿ ಅಂಗಿಯನ್ನು ವಾರಕ್ಕೊಮ್ಮೆಯಂತೆ ಎರಡು ವರ್ಷ ತೊಟ್ಟರೆ ಸುಮಾರು 100 ಸಲ, ಅಂದರೆ ಸಲಕ್ಕೆ 12 ರೂಪಾಯಿ. ಪ್ರತಿ ಸಲವೂ 10 ರೂಪಾಯಿ ಕೊಟ್ಟು ಇಸ್ತ್ರಿ ಮಾಡಿಸಿದರೆ 22. 700 ರೂಪಾಯಿಯ ಮಿಶ್ರ ನೂಲಿನ ಅಂಗಿಯನ್ನು ಇಸ್ತ್ರಿಯಿಲ್ಲದೆ ಮೂರು ವರ್ಷ ತೊಟ್ಟರೆ ಸಲಕ್ಕೆ 5 ರೂಪಾಯಿಯೂ ಬೀಳುವುದಿಲ್ಲ. ಹತ್ತಿ ಕೊನೆಗೆ ಅಗ್ಗವೇ ಆಗುತ್ತದೆ ಎನ್ನುವವರು ಈ ಲೆಕ್ಕ ಮಾಡಿರುವುದಿಲ್ಲ. ಆದರೆ ಇಲ್ಲೇ ಒಂದು ದಾರಿಯೂ ಕಾಣುತ್ತದೆ. ಎರಡು ವರ್ಷಗಳಲ್ಲಿ ಇಸ್ತ್ರಿಗೆ ತೆತ್ತದ್ದು ಅಂಗಿಯ ಬೆಲೆಗೆ ಹತ್ತಿರ ಬಂದಿದೆ. ಹೆಣಿಗೆಯ ಟೀ-ಶರ್ಟು, ನೇಯ್ಗೆಯಲ್ಲೇ ಸುಕ್ಕಿರುವ ಕ್ರೇಪಿನಂಥ ಹತ್ತಿ, ಜಾಡಿಸಿ ಹರವಿದರೆ ಸಾಕಾಗುವ ದಪ್ಪ ಖಾದಿ ಕುರ್ತಾ, ಇಂಥವನ್ನು ಆರಿಸಿಕೊಂಡರೆ ಹತ್ತಿಯ ಖರ್ಚು ಅರ್ಧಕ್ಕಿಳಿಯುತ್ತದೆ.

ಪಾಲಿಯೆಸ್ಟರಿನ ತೊಡಕುಗಳಲ್ಲಿ ಸೆಕೆಯ ನಂತರ ಬರುವುದು ವಾಸನೆ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 26 ಮಂದಿಯಿಂದ ವ್ಯಾಯಾಮದ ಸೈಕಲ್ ತುಳಿಸಿ, ಬೆವರಿದ ಅಂಗಿಗಳನ್ನು 28 ತಾಸು ಇಟ್ಟು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿಗಿಂತ ಪಾಲಿಯೆಸ್ಟರ್ ಅಂಗಿಗಳ ವಾಸನೆ ಅಹಿತಕರವೆಂದು ಕಂಡುಬಂತು; ದುರ್ವಾಸನೆ ಹುಟ್ಟಿಸುವ ಒಂದು ಬಗೆಯ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆಯೇ ಹೆಚ್ಚಾಗಿ ಬೆಳೆದಿತ್ತು. ಒಗೆದ ಮೇಲೂ ಕಂಕುಳ ಭಾಗದಲ್ಲಿ ವಾಸನೆ ಉಳಿಯುವ ಅಂಗಿಯ ಚೀಟಿಯನ್ನು ಒಮ್ಮೆ ಓದಿ ನೋಡಿ.

ಬೆಂಕಿಯ ವಿಷಯದಲ್ಲಿ ಎರಡೂ ಕಡೆ ಅಪಾಯವಿದೆ. ತೆಳು ಹತ್ತಿ ಬೇಗ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೊತ್ತಿಕೊಳ್ಳುವುದು ನಿಧಾನವಾದರೂ ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಗಾಯ ಆಳವಾಗುತ್ತದೆ. ಅಡುಗೆಮನೆಗೆ, ದೀಪಾವಳಿಯ ರಾತ್ರಿಗೆ ಮೈಗೆ ಹತ್ತಿರವಿರುವ ದಪ್ಪ ಹತ್ತಿಯೇ ಸರಿ; ಜೋಲಾಡುವ ದುಪ್ಪಟ್ಟಾ ಯಾವ ನಾರಿನದಾದರೂ ತೆಗೆದಿಡಬೇಕು.

ಇನ್ನು ಮಿಶ್ರ ನೂಲು. ಸಮವಸ್ತ್ರದ ಅಂಗಿಯಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ ಇರುತ್ತದೆ. ಇದನ್ನು ‘ಕಾಟನ್ ಬ್ಲೆಂಡ್’ ಎಂದು ಕರೆದರೂ ಸೆಕೆಯಲ್ಲಿ ಅದು ಪಾಲಿಯೆಸ್ಟರಿನಂತೆಯೇ ವರ್ತಿಸುತ್ತದೆ. ಪ್ರಮಾಣ ತಿರುವಾಗಿ ಹತ್ತಿ 60 ಪ್ರತಿಶತ ದಾಟಿದರೆ ಅದು ಸಾಧಾರಣ ಸೆಕೆಗೆ ನಡೆಯುತ್ತದೆ. ಲೆಗಿಂಗ್ಸ್, ಒಳ ಉಡುಪುಗಳಲ್ಲಿ 5 ಪ್ರತಿಶತದಷ್ಟು ಎಲಾಸ್ಟೇನ್ ಇರುವುದು ಹಿಗ್ಗುವಿಕೆಗಾಗಿ, ಅದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಓಟ, ಶಟಲ್ ಆಟ, ಚಾರಣಗಳಲ್ಲಿ ಬೆವರು ಧಾರೆಯಾಗಿ ಸುರಿಯುವಾಗ ಹತ್ತಿ ತೊಯ್ದು ಭಾರವಾಗುತ್ತದೆ. ಅಲ್ಲಿ ಹೆಣಿಗೆಯ ಪಾಲಿಯೆಸ್ಟರ್ ಬೆವರನ್ನು ಹೊರಮೈಗೆ ಹರಡಿ ಬೇಗ ಒಣಗುವುದರಿಂದ ಅದೇ ಮೇಲು. ಆಟ ಮುಗಿದ ಕೂಡಲೇ ಕಳಚಿ ಒಗೆಯಬೇಕು, ಅಷ್ಟೇ.

ಉಳಿದ ಮೂರು

ಲಿನಿನ್ ತಂಪಿನಲ್ಲಿ ಹತ್ತಿಗಿಂತ ಒಂದು ಕೈ ಮೇಲು, ಒಣಗುವುದೂ ಬೇಗ. ಅಗಸೆ ಜಾತಿಯ ಗಿಡದ ಕಾಂಡದ ನಾರಾದ್ದರಿಂದ ಬೆಲೆ ಹೆಚ್ಚು, ಸುಕ್ಕು ಇನ್ನೂ ಹೆಚ್ಚು. ರೇಷ್ಮೆ ದಿನಬಳಕೆಯದಲ್ಲ, ಬೆವರಿಗೆ ಕಲೆಯಾಗುತ್ತದೆ; ಕೊಳ್ಳುವುದಾದರೆ ಅಪ್ಪಟ ರೇಷ್ಮೆಯೆಂದು ಖಾತರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಂಡರೆ ಸಾಕು. ಉಣ್ಣೆಯನ್ನು ನಮ್ಮ ಹವೆಗೆ ಬೇಡವೆಂದು ತಳ್ಳಿಹಾಕುವವರು ಮಲೆನಾಡಿನ ನಾಟಿ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಿನವಿಡೀ ಮಳೆಯಲ್ಲಿ ಬಗ್ಗಿ ದುಡಿದವರನ್ನು ನೋಡಿಲ್ಲ. ಕುರಿಯ ಉಣ್ಣೆಯ ಜಿಡ್ಡು ನೀರನ್ನು ಜಾರಿಸುತ್ತದೆ, ಒಂದಿಷ್ಟು ನೆನೆದರೂ ಮೈ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹಗುರ, ಅಗ್ಗ, ನಿಜ. ಆದರೆ ಅದರೊಳಗೆ ಬೆವರಿನಿಂದಲೇ ತೊಯ್ದುಹೋಗುತ್ತಾರೆ.

ಚೀಟಿಯನ್ನು ನಂಬದೆ ಗುರುತಿಸುವುದು

ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರಲ್ಲಿ ‘ಕಾಟನ್ ಸಿಲ್ಕ್’ ಎಂದು ಒಳ್ಳೆಯ ಬೆಲೆ ಕೊಟ್ಟು ಅಮ್ಮನಿಗೆ ಸೀರೆ ತಂದಿದ್ದೆ. ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು, ನೀರು ಹರಡಿದ್ದನ್ನು ನೋಡಿ, ‘ಇದರಲ್ಲಿ ಕಾಟನ್ನೂ ಇಲ್ಲ, ಸಿಲ್ಕೂ ಇಲ್ಲ’ ಎಂದು ಮಡಿಸಿಟ್ಟರು. ಆ ಪರೀಕ್ಷೆ ಸರಿಯಾದದ್ದೇ, ಆದರೆ ಹೊಸ ಹತ್ತಿಯೂ ಗಂಜಿಯ ಕಾರಣದಿಂದ ಮೊದಲಿಗೆ ನೀರು ಹೀರದಿರಬಹುದು. ಖಚಿತವಾಗಬೇಕಾದರೆ ಅಂಚಿನಿಂದ ಎರಡು ಎಳೆ ಕಿತ್ತು, ಮನೆಯಲ್ಲಿ ಚಿಮಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು ಸುಟ್ಟು ನೋಡಬೇಕು. ಹತ್ತಿ, ಲಿನಿನ್‌ಗಳು ಕಾಗದದ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆಗಳಿಗೆ ಕೂದಲು ಸುಟ್ಟ ವಾಸನೆ. ಉಳಿಯುವ ಕರಿ ಬೆರಳಿನಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ, ಆರಿದ ಮೇಲೆ ಪುಡಿಯಾಗದ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಮಾತ್ರ ಹತ್ತಿಯಂತೆಯೇ ಉರಿಯುವುದರಿಂದ ಬೆಂಕಿಗೆ ಅದು ಸಿಕ್ಕಿಬೀಳುವುದಿಲ್ಲ. ಆ ಎಳೆಯನ್ನು ನೆನೆಸಿ ಜಗ್ಗಿದರೆ ಸುಲಭವಾಗಿ ತುಂಡಾಗುತ್ತದೆ, ಹತ್ತಿ ಹಾಗಾಗುವುದಿಲ್ಲ.

ಬಟ್ಟೆಯ ಉದ್ದಕ್ಕೆ ಓಡುವ ಹಾಸಿನ ಎಳೆಯನ್ನೂ ಅಡ್ಡಕ್ಕೆ ಓಡುವ ಹೊಕ್ಕಿನ ಎಳೆಯನ್ನೂ ಬೇರೆಬೇರೆಯಾಗಿ ಸುಡಬೇಕು. ಒಂದು ಹತ್ತಿ, ಇನ್ನೊಂದು ಪಾಲಿಯೆಸ್ಟರ್ ಆಗಿರುವುದು ಸಾಮಾನ್ಯ. ಇಳಕಲ್ಲ ಸೀರೆಯಲ್ಲಂತೂ ಮೈಯ ಹಾಸಿಗೂ ಸೆರಗಿನ ಹಾಸಿಗೂ ಬೇರೆ ಬೇರೆ ನೂಲು ಹಾಕಿ ಕೊಂಡಿ ಹಾಕಿ ಕೂಡಿಸುವುದೇ ಅದರ ನೇಯ್ಗೆಯ ವಿಶೇಷ. ಮೈ ಹತ್ತಿ, ಸೆರಗು ರೇಷ್ಮೆಯಾಗಿದ್ದ ಆ ಸೀರೆಯಲ್ಲಿ ಈಗ ರೇಷ್ಮೆಯ ಜಾಗಕ್ಕೆ ಚಮಕ ಎಂಬ ಕೃತಕ ರೇಷ್ಮೆ ಬಂದಿರುವುದುಂಟು. ಹೀಗಾಗಿ ‘ಇದು ಯಾವ ನೂಲು’ ಎಂದು ಒಂದೇ ಪ್ರಶ್ನೆ ಕೇಳದೆ, ಮೈ ಯಾವುದು, ಅಂಚು ಯಾವುದು, ಸೆರಗು ಯಾವುದು ಎಂದು ಮೂರು ಸಲ ಕೇಳಿ. ಒಳ್ಳೆಯ ವ್ಯಾಪಾರಿ ಬೇಸರವಿಲ್ಲದೆ ಹೇಳುತ್ತಾನೆ.

ಯಾರಿಗೆ ಯಾವುದು

ಮಂಗಳೂರಿನ ತಾಯಿಗೆ ಸಮವಸ್ತ್ರ ಬದಲಿಸುವ ಅಧಿಕಾರವಿಲ್ಲದಿರಬಹುದು. ಅದೇ ಬಣ್ಣದ ಹತ್ತಿ ಬಟ್ಟೆಯಲ್ಲಿ ಹೊಲಿಸಲು ಶಾಲೆ ಒಪ್ಪಿದರೆ ಅದೇ ಮೊದಲ ದಾರಿ. ಒಪ್ಪದಿದ್ದರೆ ಒಳಗೆ ತೆಳುವಾದ ಹತ್ತಿ ಬನಿಯನ್, ಅಂಗಿ ಒಂದು ಅಳತೆ ದೊಡ್ಡದು, ಮನೆಗೆ ಬಂದ ಕೂಡಲೇ ಸ್ನಾನ ಮತ್ತು ಬಟ್ಟೆ ಬದಲು. ಬೆವರುಸಾಲೆ ಆಮೇಲೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಕಲಬುರಗಿಯ ಓದುಗರಿಗೆ ಲಿನಿನ್ ಬೇಕಾಗಿಲ್ಲ. 40 ಡಿಗ್ರಿ ದಾಟುವ ಅಲ್ಲಿನ ಒಣ ಬಿಸಿಲಿನಲ್ಲಿ ಹತ್ತಿ ಹೀರಿದ ಬೆವರು ಬೇಗ ಆರುತ್ತದೆ, ಆರುವಾಗ ಮೈಯನ್ನೂ ತಣಿಸುತ್ತದೆ. ತಿಳಿಬಣ್ಣದ, ತೋಳು ಉದ್ದನೆಯ, ಸಡಿಲವಾದ 40ರ ನೂಲಿನ ಅಂಗಿಗಳು ಲಿನಿನ್ ಒಂದರ ಬೆಲೆಗೆ ಎರಡಾದರೂ ಬರುತ್ತವೆ. ಕೆಲಸದ ಪ್ಯಾಂಟು ಸಿಮೆಂಟು, ಕಬ್ಬಿಣಗಳ ನಡುವೆ ತಿಕ್ಕಿಸಿಕೊಳ್ಳುವುದರಿಂದ ಅದು ಮಿಶ್ರ ನೂಲಿನದೇ ಇರಲಿ. ವೆಲ್ಡಿಂಗ್ ಕಿಡಿ ಬೀಳುವಲ್ಲಿ ಮಾತ್ರ ದಪ್ಪ ಹತ್ತಿಯೇ ಆಗಬೇಕು.

ತೀರ್ಥಹಳ್ಳಿಯವರ ತಕರಾರನ್ನು ನಾನು ಪೂರ್ತಿ ಒಪ್ಪುತ್ತೇನೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ, ಬಚ್ಚಲ ಹಂಡೆಯೊಲೆಯ ಮೇಲೆ ಕಟ್ಟಿದ ಹಗ್ಗವೇ ಬಿಸಿಲೆಂದು ತಿಳಿಯಬೇಕಾದ ನಾಲ್ಕು ತಿಂಗಳಲ್ಲಿ, ಅರೆಒಣಗಿದ ಹತ್ತಿ ಬೂಸಲು ಹಿಡಿದು ಮೈಗೆ ಮಾಡುವ ಕೇಡು ಒಣಗಿದ ಮಿಶ್ರ ನೂಲಿಗಿಂತ ಹೆಚ್ಚು. ಮಳೆಗಾಲಕ್ಕೆ ಮೇಲುಡುಪು, ಸೀರೆ, ಶಾಲೆಯ ಬಟ್ಟೆ ಮಿಶ್ರ ನೂಲಿನವಾಗಿರಲಿ. ಒಳ ಉಡುಪು ಮಾತ್ರ ತೆಳು ಹತ್ತಿಯದಿದ್ದು, ಮಾಮೂಲಿಗಿಂತ ನಾಲ್ಕಾರು ಜೊತೆ ಹೆಚ್ಚಿರಲಿ. ದಪ್ಪ ಟರ್ಕಿ ಟವೆಲನ್ನು ಅಕ್ಟೋಬರ್‌ವರೆಗೆ ಒಳಗಿಟ್ಟು ತೆಳು ಪಂಚೆಯನ್ನೇ ಮೈ ಒರೆಸಲು ಬಳಸುವುದು ಆ ಕಡೆಯವರಿಗೆ ನಾನು ಹೇಳಬೇಕಾದದ್ದಲ್ಲ.

ಕೈಯಲ್ಲಿ ಹಣ ಕಡಿಮೆಯಿರುವವರು, ಹಾಸ್ಟೆಲಿನಲ್ಲಿರುವವರು ಒಮ್ಮೆಲೇ ಎಲ್ಲವನ್ನೂ ಬದಲಿಸಲು ಹೋಗಬಾರದು. ಮೊದಲ ಸಲ ಹಣ ಸೇರಿದಾಗ ಒಳ ಉಡುಪು ಮತ್ತು ಬನಿಯನ್, ಎರಡನೆಯ ಸಲ ಮಲಗುವ ಬಟ್ಟೆ ಮತ್ತು ಹಾಸು, ಮೂರನೆಯ ಸಲ ವಾರದಲ್ಲಿ ಹೆಚ್ಚು ತೊಡುವ ಎರಡು ಅಂಗಿ ಅಥವಾ ಕುರ್ತಾ. ಪ್ಯಾಂಟು, ಜಾಕೆಟ್, ಮಳೆಯಂಗಿ, ಚೀಲಗಳ ಸರದಿ ಬಾರದೇ ಹೋದರೂ ನಷ್ಟವಿಲ್ಲ. ಈಗಿರುವ ಪಾಲಿಯೆಸ್ಟರ್ ಬಟ್ಟೆಗಳನ್ನು ಎಸೆದು ಹತ್ತಿ ಕೊಳ್ಳುವುದರಲ್ಲಂತೂ ಯಾವ ಲಾಭವೂ ಇಲ್ಲ. ಒಗೆದಾಗಲೆಲ್ಲ ಅವುಗಳಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆಯಾದ್ದರಿಂದ, ತಣ್ಣೀರಿನಲ್ಲಿ, ಯಂತ್ರ ತುಂಬುವಷ್ಟು ಬಟ್ಟೆ ಸೇರಿದ ಮೇಲೆಯೇ ಒಗೆದು, ಸವೆಯುವವರೆಗೆ ತೊಡಿ.

ಸವೆದ ಮೇಲೆ ಎರಡರ ದಾರಿಯೂ ಬೇರೆ. ಹಳೆಯ ಹತ್ತಿ ಸೀರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಾಗುತ್ತದೆ, ಹಸುಗೂಸಿನ ಮೆತ್ತೆಯಾಗುತ್ತದೆ, ಕೊನೆಗೆ ನೆಲ ಒರೆಸುವ ಬಟ್ಟೆಯಾಗಿ ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಸೀರೆಯಿಂದ ನೆಲವನ್ನೂ ಒರೆಸಲಾಗದು, ಅದು ನೀರನ್ನು ಆಚೆಈಚೆ ದೂಡುತ್ತದೆಯೇ ಹೊರತು ಹೀರುವುದಿಲ್ಲ. ಆದರೆ ಹಂದಿ ಬಾರದಿರಲೆಂದು ಜೋಳದ, ಕಡಲೆಕಾಯಿಯ ಹೊಲಗಳ ಸುತ್ತ ರೈತರು ಕಟ್ಟುವ ಬಣ್ಣಬಣ್ಣದ ಸೀರೆಗಳನ್ನು ನೋಡಿ: ಬಿಸಿಲು, ಮಳೆ, ಗಾಳಿಗಳನ್ನು ತಿಂದುಕೊಂಡು ಹಂಗಾಮು ಮುಗಿಯುವವರೆಗೂ ಹರಿಯದೆ ನಿಲ್ಲುವುದು ಅದೇ ಪಾಲಿಯೆಸ್ಟರ್.